ಮುಖ ಗೋಡೆಯಲ್ಲ

ರೀ,

ಕೆಲಸಕ್ಕೆ ಹೊರಟೆ. ಮುಖಕ್ಕೆ ಔಷಧಿ ಹಚ್ಚಿಸಿ ಪೀಲಿಂಗ್ ಮಾಡಿಸಿಕೊಂಡ ಮೇಲೆ ಹಳೇ ಚರ್ಮ ತಾನಾಗೇ ಉದುರಬೇಕು ಅಂತ ಡಾಕ್ಟರಮ್ಮ ಹೇಳಿದ್ದು ನಿಮಗೇ. ಹಳೇ ಬಣ್ಣ ಕೆರೆದು ಹೊಸದು ಬಳಿಯೋದು ನಿಮ್ಮ ಕಸುಬು, ಒಪ್ಪಿದೆ. ಆದರೆ ಮುಖ ಗೋಡೆಯಲ್ಲ. ಬೆಳಿಗ್ಗೆ ಕನ್ನಡಿ ಮುಂದೆ ಸ್ಯಾಂಡ್ ಪೇಪರ್ ಹಿಡಿದು ನಿಂತಿದ್ರಿ, ನೋಡಿದೆ. ಅದನ್ನ ಬಚ್ಚಿಟ್ಟಿದ್ದೀನಿ, ಹುಡುಕಬೇಡಿ.

ಬಿಸಿಲಿಗೆ ಹೋಗಬೇಡಿ. ಮುಲಾಮು ತೆಳುವಾಗಿ ಹಚ್ಚಿ, ಎರಡನೇ ಕೋಟು ಬೇಡ.

ಬೀಗರಾಗೋರು ನಿಮ್ಮನ್ನ ನೋಡಿ "ಹುಡುಗಿ ತಾತನಾ?" ಅಂದಿದ್ದಕ್ಕೇ ಇಷ್ಟೆಲ್ಲ ಅಂತ ಮಗಳಿಗೆ ಹೇಳಿಲ್ಲ. ಅವರು ಭಾನುವಾರ ಮತ್ತೆ ಬರ್ತಾರೆ. ಅಷ್ಟರಲ್ಲಿ ಕೆರೆದು ಗಾಯ ಮಾಡ್ಕೊಂಡು ಮುತ್ತಾತ ಆಗಬೇಡಿ.

ನಾನಂತೂ ಹಳೇ ಮುಖಾನೇ ಒಪ್ಪಿ ಬಂದವಳು. ಸಿಪ್ಪೆ ಬಿದ್ದ ಮೇಲೆ ಒಳಗಿಂದ ಯಾರೇ ಬಂದರೂ ಸರಿ, ಸಂಜೆಯೊಳಗೆ ಪಾತ್ರೆ ತೊಳೆದಿಡಲಿ.