ಹೊಸಿಲಾಚೆಯ ಬೂಟು

ಸ್ಕಾರ್‌ಬರೋ
ಫೆಬ್ರವರಿ 8, 2015

ಪ್ರೀತಿಯ ಪದ್ಮಕ್ಕ,

ಹೋದ ತಿಂಗಳು ಸಂಕ್ರಾಂತಿ ಕೂಟದಲ್ಲಿ, ನಮ್ಮ ಬಳಗದವರೆಲ್ಲರ ಎದುರು, ನೀವು ನನ್ನ ಮೇಲೆ ಒಂದು ಸುಳ್ಳು ಹೊರಿಸಿದಿರಿ. ಹೊಸದಾಗಿ ಬಂದ ಸಂಸಾರಗಳಿಗೆ ಮೈಕಿನಲ್ಲಿ ಚಳಿಗಾಲದ ಬುದ್ಧಿವಾದ ಹೇಳುತ್ತಾ, "ಮೈಸೂರಿಂದ ಬಂದ ಒಬ್ಬ ತಾಯಿ ಮಗಳ ಬೂಟನ್ನ ಚಪ್ಪಲಿ ಥರ ಹೊಸಿಲಾಚೆ ಬಿಟ್ಟಿದ್ಲು, ಪಾಪ" ಎಂದಿರಿ. ಸಭೆ ನಕ್ಕಿತು. ನೀವು ಹೆಸರು ಹೇಳಲಿಲ್ಲ, ನಿಜ. ಹಳಬರು ಮಾತ್ರ ತಿರುಗಿ ನನ್ನನ್ನೇ ನೋಡಿದರು. ಪಕ್ಕದಲ್ಲಿ ಮಗಳು ಮಹಿಮಾ ಕೂತಿದ್ದಳು. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡು ಎಂದು ಆಗತಾನೆ ನೀವೇ ಕೊಟ್ಟ ಪೊಟ್ಟಣ ಅವಳ ಕೈಯಲ್ಲಿತ್ತು.

ನಿಮಗೆ ಮರೆತಿರಬಹುದು. ನನ್ನ ನೆನಪು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

2009ರ ಸಂಕ್ರಾಂತಿ. ನಾವು ಈ ದೇಶಕ್ಕೆ ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ. ಸ್ಕಾರ್‌ಬರೋದಿಂದ ಮಿಸಿಸಾಗದ ನಿಮ್ಮ ಮನೆಗೆ ಸಬ್‌ವೇ ಹಿಡಿದು, ಎರಡು ಬಸ್ಸು ಬದಲಿಸಿ, ಕೊನೆಗೆ ಹಿಮ ತುಳಿಯುತ್ತಾ ಬಂದೆವು. ಮಿಕ್ಕವರೆಲ್ಲ ಕಾರಲ್ಲಿ ಬಂದಿದ್ದರಿಂದ ಅವರ ಷೂಗಳು ಒಣಗಿದ್ದವು. ನಮ್ಮ ಬೂಟುಗಳಿಂದ ಮಾತ್ರ, ಹಿಮ ಕರಗಲೆಂದು ರಸ್ತೆಗೆ ಎರಚುವ ಉಪ್ಪಿನ ನೀರು ಸೋರುತ್ತಿತ್ತು. ಅವನ್ನು ನಾನು ಬಾಗಿಲ ಒಳಗಡೆ, ನೀವೇ ಹಾಸಿದ್ದ ರಬ್ಬರು ಚಾಪೆಯ ಮೇಲೆ ಜೋಡಿಸಿಟ್ಟೆ. ಅದರ ಪಕ್ಕದಲ್ಲೇ ನಿಮ್ಮ ರಂಗೋಲಿ ಇತ್ತು.

ಹೊರಡುವಾಗ ಬೂಟುಗಳು ಪೋರ್ಚಿನಲ್ಲಿದ್ದವು. ಮಹಿಮಾಳ ಬೂಟಿನೊಳಗಿನ ಒದ್ದೆ ಉಣ್ಣೆ ಹೆಪ್ಪುಗಟ್ಟಿ ಹಲಗೆಯಂತೆ ಸೆಟೆದಿತ್ತು. ರಂಗೋಲಿಗೆ ನೀರು ಹರೀತಿತ್ತು ಗಿರಿಜಾ, ಅದಕ್ಕೇ ಆಚೆ ಇಟ್ಟೆ, ಎಂದು ನೀವು ನನ್ನ ಕಿವಿಯಲ್ಲಿ ಹೇಳಿದಿರಿ. ಅಷ್ಟರಲ್ಲಿ ನಿಮ್ಮ ಯಜಮಾನರು ರಾಮಮೂರ್ತಿಯವರು ಬಂದರು. "ಏನಮ್ಮಾ, ಬೂಟನ್ನ ಆಚೆ ಬಿಟ್ಟಿದ್ದೀಯಲ್ಲ, ಇದೇನು ಮೈಸೂರು ಅಗ್ರಹಾರ ಅಂದ್ಕೊಂಡ್ಯಾ?" ಎಂದು ಗಟ್ಟಿಯಾಗಿ ನಕ್ಕರು. ಅಲ್ಲಿದ್ದವರೂ ನಕ್ಕರು. ನೀವು ಆರತಿ ತಟ್ಟೆ ಎತ್ತಿಕೊಂಡು ಒಳಗೆ ಹೋದಿರಿ. ನಾನೂ ನಕ್ಕೆ. ನನ್ನ ಗಂಡ ಸತ್ಯಪ್ರಕಾಶರ ಕೆಲಸಕ್ಕೆ ತಮ್ಮ ಹಳೆಯ ಆಫೀಸಿನಲ್ಲಿ ಒಂದು ಮಾತು ಹೇಳುವುದಾಗಿ ರಾಮಮೂರ್ತಿಯವರು ಅದೇ ಸಂಜೆ ಒಪ್ಪಿದ್ದರು.

ಅವೇ ಬೂಟು ಹಾಕಿಕೊಂಡು ನಿಲ್ದಾಣದಲ್ಲಿ ಕಾದೆವು, ಎಷ್ಟು ಹೊತ್ತಾದರೂ ಬಸ್ಸು ಬರಲಿಲ್ಲ. ಕಾಲು ಉರೀತಿದೆ ಎಂದು ಮಗು ಅತ್ತಳು. ಸ್ವಲ್ಪ ಹೊತ್ತಾದ ಮೇಲೆ, ಈಗ ಏನೂ ನೋವಿಲ್ಲಮ್ಮಾ ಎಂದಳು. ಸದ್ಯ ಎಂದುಕೊಂಡೆ, ಪದ್ಮಕ್ಕ. ನೋವು ನಿಲ್ಲುವುದೇ ಈ ದೇಶದಲ್ಲಿ ಅಪಾಯವೆಂದು ನನಗೆ ಯಾರೂ ಹೇಳಿರಲಿಲ್ಲ. ಮನೆಗೆ ಬಂದು, ನಮ್ಮಮ್ಮ ಮಾಡುತ್ತಿದ್ದ ಹಾಗೆ, ಹಬೆಯಾಡುವ ನೀರಿನಲ್ಲಿ ಅವಳ ಪಾದ ಅದ್ದಿದೆ. ಚಳಿಗೆ ಮರಗಟ್ಟಿದ ಕಾಲು, ಬಿಸಿ ಅವಳಿಗೆ ತಿಳಿಯಲೇ ಇಲ್ಲ. ಬೊಬ್ಬೆ ಎದ್ದ ಮೇಲೆ ನನಗೆ ತಿಳಿಯಿತು. ಎಡಗಾಲಿನ ಕಿರುಬೆರಳಿಗೆ ಇವತ್ತಿಗೂ ಸ್ಪರ್ಶವಿಲ್ಲ.

ಆ ನೀರಿನ ತಪ್ಪು ನನ್ನದು. ಅದನ್ನು ಯಾವ ವೇದಿಕೆಯಲ್ಲಿ ಬೇಕಾದರೂ ನೀವು ಹೇಳಬಹುದು. ಬೂಟಿನದು ನನ್ನದಲ್ಲ.

ಅಲ್ಲಿಂದಾಚೆಗೆ ಮಹಿಮಾ ಚಳಿಯ ವಿಷಯದಲ್ಲಿ ನನ್ನ ಮಾತು ಕೇಳುವುದನ್ನೇ ಬಿಟ್ಟಳು. ಟೋಪಿ ಹಾಕಲು ಹೋದರೆ, "ಐ ವಿಲ್ ಡೂ ಇಟ್" ಎಂದು ಕೈ ಸರಿಸುತ್ತಿದ್ದಳು. ತನ್ನ ಬೂಟನ್ನು ಮಂಚದ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದಳು. ಅಮ್ಮನಿಗೆ ಈ ದೇಶ ಗೊತ್ತಿಲ್ಲ ಎಂದು ಆ ಮಗು ತೀರ್ಮಾನಿಸಿಬಿಟ್ಟಿತು. ನಿಜ ಹೇಳೋಣವೆಂದು ಪ್ರತಿ ಚಳಿಗಾಲವೂ ಅಂದುಕೊಂಡೆ. ನಿಮ್ಮ ಉಪಕಾರ ಅಡ್ಡ ಬರುತ್ತಿತ್ತು. ಅವಳ ಮೊದಲ ಕೋಟು ನಿಮ್ಮ ಮಗಳು ಸಂಜನಾಳದು. ನನಗೆ ಜ್ವರ ಬಂದಾಗ ಸಾರು ತಂದುಕೊಟ್ಟವರೂ ನೀವೇ. ನೀವು ಕೆಟ್ಟವರಲ್ಲ, ಅಕ್ಕ. ಕೆಟ್ಟವರಾಗಿದ್ದರೆ ನಾನು ಎಂದೋ ಮಾತಾಡಿರುತ್ತಿದ್ದೆ.

ಒಂದು ಹಬ್ಬದ ಸಂಜೆ ಮುಜುಗರಕ್ಕೆ ಸುಮ್ಮನಿದ್ದಿರಿ, ಅದನ್ನು ನುಂಗಿಕೊಂಡಿದ್ದೆ. ಈಗ ಅದನ್ನೇ ಪಾಠ ಮಾಡಿ ಹಂಚುತ್ತಿದ್ದೀರಿ. ಇದನ್ನು ನುಂಗಲಾರೆ. ಯುಗಾದಿ ಕೂಟದಲ್ಲಿ, ಅದೇ ಮೈಕಿನ ಮುಂದೆ, ಆ ಬೂಟನ್ನು ಹೊರಗಿಟ್ಟವರು ಯಾರೆಂದು ನೀವೇ ಹೇಳಬೇಕು.

ನಿಮ್ಮ ಮೇಲಿನ ಪ್ರೀತಿಯನ್ನು ಇನ್ನೂ ಬಿಡಲಾಗದ,
ಗಿರಿಜಾ

ಮರೆತ ಮಾತು: ಪತ್ರ ಮಡಿಸುವಾಗ ಮಹಿಮಾ ಬಂದು, ಯಾರಿಗೆ ಎಂದು ಕೇಳಿದಳು. ಕೊನೆಗೂ ಎಲ್ಲ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಐ ನ್ಯೂ, ಅಮ್ಮಾ. ನಾನು ಸ್ಟೆಪ್ಸ್ ಮೇಲೆ ಕೂತಿದ್ದೆ. ಆಂಟಿ ಎತ್ತಿಟ್ಟಿದ್ದು ನೋಡ್ದೆ. ನೀನ್ಯಾಕೆ ನಕ್ಕೆ ಅಂತ ಮಾತ್ರ ಗೊತ್ತಾಗ್ಲಿಲ್ಲ" ಎಂದಳು. ಅದಕ್ಕೆ ನಾನು ಉತ್ತರ ಹುಡುಕಬೇಕು. ಯುಗಾದಿಯಂದು ಅವಳು ಮುಂದಿನ ಸಾಲಿನಲ್ಲೇ ಕೂರುತ್ತಾಳಂತೆ. ನಿಮ್ಮ ಉತ್ತರವನ್ನು ಅವಳ ಮುಖ ನೋಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿ.