ಕಂಬದ ಮೇಲಿನ ಕೂಗು

ಸೋಸಲೆ
ಆಗಸ್ಟ್ ೪, ಭಾನುವಾರ

ಚಿ. ಮೇಘನಾಳಿಗೆ ನಿನ್ನಜ್ಜಿಯ ಆಶೀರ್ವಾದ.

ಮೊದಲು ಸುದ್ದಿ. ನಿಮ್ಮ ಪೆಟ್ಟಿಗೆ ಕೂಗಿತು, ಹೊಳೆದಂಡೆಯ ಬೀದಿಯ ಜನ ಎದ್ದರು, ಒಂದು ಜೀವಕ್ಕೂ ತೊಂದರೆಯಾಗಲಿಲ್ಲ. ಫೋನಿನಲ್ಲಿ ಹೇಳಿದರೆ ನೀನು ನಡುನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಕಾಲೇಜಿನ ಮೇಡಂಗೂ ಓದಿ ಹೇಳು.

ಜೂನ್ ತಿಂಗಳಲ್ಲಿ ನೀನೂ ನಿನ್ನ ಕಾಲೇಜಿನವರೂ ಹೊಳೆ ಏರಿದರೆ ತಾನೇ ಕೂಗುವ ಆ ಪೆಟ್ಟಿಗೆಯನ್ನು ಕಂಬಕ್ಕೆ ಕಟ್ಟಿ ಮೊದಲ ಪರೀಕ್ಷೆ ಮಾಡಿದಿರಲ್ಲ, ಆ ದಿನ ನೆನೆದರೆ ನನಗೆ ಈಗಲೂ ನಗು. ಮೊದಲು ಒಂದು ಹಾಡು ಬಂತು. ಆಮೇಲೆ ಯಾರೋ ಹೆಣ್ಣುಮಗಳು ರೇಡಿಯೊ ಕನ್ನಡದಲ್ಲಿ, ಪ್ರವಾಹದ ಮುನ್ಸೂಚನೆ, ಎತ್ತರದ ಪ್ರದೇಶಕ್ಕೆ ತೆರಳಿ ಎಂದಳು. ಬೀದಿಯ ಹೆಂಗಸರೆಲ್ಲ ಕಸದ ಬಕೆಟ್ ಹಿಡಿದು ಬಾಗಿಲಿಗೆ ಬಂದು ನಿಂತರು. ಪಕ್ಕದ ಮನೆ ಸಣ್ಣತಾಯಮ್ಮ, ‘ಕಸದ ಗಾಡಿ ಎಲ್ಲವ್ವಾ?’ ಎಂದು ನಿನ್ನನ್ನೇ ಕೇಳಿದಳು. ನೀನು ಹಿತ್ತಲಿಗೆ ಹೋಗಿ ಅಳುತ್ತಾ, ಈ ಪ್ರಾಜೆಕ್ಟೇ ಬೇಡ ಎಂದೆ. ನಾನು ಬೈದೆ. ಬೈದದ್ದು ಸರಿಯಾಗಿಯೇ ಇತ್ತು.

ಮರುದಿನ ನೀವು ಮನೆಮನೆಗೂ ಹೋಗಿ, ಯಾರು ಕೂಗಿದರೆ ಏಳುತ್ತೀರಿ ಎಂದು ಕೇಳಿದಿರಿ. ಮೂಲೆಮನೆ ಮರಿಯಯ್ಯ, ‘ಇನ್ಯಾರವ್ವ, ನಿಮ್ಮಜ್ಜಿ ಕೂಗುದ್ರೆ ಸತ್ತೋನೂ ಎದ್ದು ಕೂತ್ಕತನೆ’ ಎಂದನಂತೆ. ಹೊಗಳಿಕೆಯೆಂದೇ ತಿಳಿದು ನಿಮ್ಮ ಮೈಕಿನ ಮುಂದೆ ಕೂತೆ. ನೀವು ಬರೆದುಕೊಟ್ಟದ್ದರಲ್ಲಿ ದನಕರುಗಳ ಮಾತೇ ಇರಲಿಲ್ಲ. ಅದನ್ನು ಸೇರಿಸಿದ್ದು ನಾನು ಎಂದು ವರದಿಯಲ್ಲಿ ಬರೆಯಲು ಮರೆಯಬೇಡ.

ಮೊನ್ನೆ ಶುಕ್ರವಾರ ಬೆಳಗ್ಗೆಯೇ ನಂಜನಗೂಡಿನಲ್ಲಿ ಸ್ನಾನಘಟ್ಟ ಮುಳುಗಿದ ಸುದ್ದಿ ಬಂದಿತ್ತು. ಇಲ್ಲಿ ಕಾವೇರಿಯೂ ಕೆಂಪಾಗಿ ಉಬ್ಬಿದ್ದಳು. ಮಧ್ಯಾಹ್ನ ಎಲ್ಲರ ಮನೆಯಲ್ಲೂ ಮುದ್ದೆ ಬೇಯುವ ಹೊತ್ತಿಗೆ ಕಂಬದಿಂದ ನನ್ನ ದನಿ ಎದ್ದಿತು. ‘ಲೇ, ನೀರು ಬತ್ತಾ ಅದೆ, ಏಳ್ರೋ. ಮುದ್ದೆ ಆಮೇಲ್ ತಿನ್ನೀರಂತೆ. ಮೊದ್ಲು ದನ ಬಿಚ್ಚಿ, ಸ್ಕೂಲ್ ತಾವ್ಕೆ ನಡೀರಿ.’ ಮರಿಯಯ್ಯ ಕೈ ಕೂಡ ತೊಳೆಯದೆ ಓಡಿ ಬಂದು, ‘ಬತ್ತೀವಿ ಕಣಮ್ಮೋ, ವಸಿ ತಡ್ಕೋ’ ಎಂದು ಕಂಬಕ್ಕೇ ಉತ್ತರ ಕೊಟ್ಟ. ಜಗಲಿಯಿಂದ ನಾನೇ ನೋಡಿದೆ. ಹೋದ ಸಲದ ನೆರೆಯಲ್ಲಿ ಗಬ್ಬದ ಹಸು ಬಿಟ್ಟು ಬರುವುದಿಲ್ಲವೆಂದು ಕೂತಿದ್ದ ಸಣ್ಣತಾಯಮ್ಮ, ಈ ಸಲ ಹಸು ಹಿಡಿದುಕೊಂಡು ಎಲ್ಲರಿಗಿಂತ ಮುಂದೆ. ನಿಮ್ಮಮ್ಮನೂ ನಮ್ಮ ದನ ಹೊಡೆದುಕೊಂಡು ಹೋದಳು. ಸ್ವಲ್ಪ ಹೊತ್ತಿಗೇ ಬೀದಿಗೆ ನೀರು ನುಗ್ಗಿತು.

ಮುಂದೆ ನಂಜನಗೂಡಿನ ಕಡೆ ಪೆಟ್ಟಿಗೆ ಕಟ್ಟುವಾಗ ನನ್ನ ದನಿ ಒಯ್ಯಬೇಡ. ಅಲ್ಲಿಯವರು ನನಗೇಕೆ ಹೆದರಬೇಕು? ಅವರು ಯಾರಿಗೆ ಹೆದರುತ್ತಾರೋ ಕೇಳಿಕೊಂಡು ಕಟ್ಟು. ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ ನಿನ್ನ ಅಜ್ಜಿ,
ಚಿಕ್ಕಮಾದಮ್ಮ

ವಿ.ಸೂ.: ನಿಮ್ಮಮ್ಮ ಹೇಗೂ ಹೇಳುತ್ತಾಳೆ, ಅದಕ್ಕೆ ನಾನೇ ಬರೆಯುತ್ತೇನೆ. ಅವಳು ಕೈ ಹಿಡಿದು ಎಳೆದರೂ ನಾನು ಏಳಲಿಲ್ಲ. ನನ್ನ ಅತ್ತೆಯ ಕಾಲದಲ್ಲೂ ನೀರು ಈ ಜಗಲಿ ಹತ್ತಿದ್ದಿಲ್ಲ ಎಂದು ಕೂತೇ ಇದ್ದೆ. ಬೀದಿ ಖಾಲಿಯಾದ ಮೇಲೆ ಪೆಟ್ಟಿಗೆ ಮತ್ತೆ ಕೂಗಿತು. ಕೇಳಲು ನಾನೊಬ್ಬಳೇ ಇದ್ದೆ. ನಿಮ್ಮ ತಾತ ಹೋದ ಮೇಲೆ ಈ ಮನೆಯಲ್ಲಿ ನನ್ನನ್ನು ಗದರಿಸಿದವರಿಲ್ಲ. ಈ ಸಲ ನನ್ನ ದನಿಯೇ ಗದರಿಸಿತು, ಚಪ್ಪಲಿ ಮೆಟ್ಟಿ ಹೊರಟೆ. ಸಂಜೆ ದೂರದಿಂದ ನೋಡಿದರೆ ಜಗಲಿಯೇ ಕಾಣಿಸಲಿಲ್ಲ. ಇಷ್ಟನ್ನು ಮಾತ್ರ ಮೇಡಂಗೆ ಓದಬೇಡ.