ಸೆರಗು ಕೂಡಿಸಿದ ದಿನ

ಇಳಕಲ್, ಸೋಮವಾರ

ಮೈಸೂರಿನಲ್ಲಿರುವ ನನ್ನ ದೀದಿಗೆ ತಂಗಿ ಪಬಿತ್ರಾಳ ನಮಸ್ಕಾರ. ಅಪ್ಪನಿಗೆ ಕನ್ನಡ ಓದಲು ಬರುವುದಿಲ್ಲ, ಗೇಟು ಕಾಯುವ ಪಾಳಿ ಮುಗಿಸಿ ಅವನು ಬಂದ ಕೂಡಲೇ ಓದಿ ಹೇಳು.

ಸೆರಗು ಕೂಡಿಸಿಬಿಟ್ಟೆ! ಇಲ್ಲಿ ಸೀರೆಯ ಸೆರಗಿಗೆ ಬೇರೆ ಎಳೆ, ಒಡಲಿಗೆ ಬೇರೆ ಎಳೆ. ಒಂದೊಂದಾಗಿ ಕೊಂಡಿ ಹಾಕಿ ಸೇರಿಸಬೇಕು. ಬಂದ ದಿನ ಮಗ್ಗ ಕಲಿಸುವ ಗುರುಲಿಂಗವ್ವನ ಕಾಲಿಗೆ ಎಲ್ಲ ಹುಡುಗಿಯರೂ ಬಿದ್ದರು, ನಾನು ಮಾತ್ರ ನಿಂತೇ ಇದ್ದೆ. ಸೊಕ್ಕು ಅಂದುಕೊಂಡರು. "ನಮ್ಮ ನೇಪಾಳಿ ಮನೆಯಲ್ಲಿ ಹೆಣ್ಣುಮಕ್ಕಳು ಕಾಲಿಗೆ ಬೀಳುವಂತಿಲ್ಲ, ಅಪ್ಪನೇ ನಮ್ಮ ಕಾಲಿಗೆ ನಮಸ್ಕರಿಸುತ್ತಾನೆ" ಎಂದು ನಾನು ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. ಇವತ್ತು ಒಂದು ಎಳೆಯೂ ಹರಿಯದಂತೆ ಸೇರಿಸಿದ್ದನ್ನು ಬೆರಳಾಡಿಸಿ ನೋಡಿದ ಗುರುಲಿಂಗವ್ವ, ನಮ್ಮಜ್ಜಿಯ ವಯಸ್ಸಿನವರು, ಬಗ್ಗಿ ನನ್ನ ಪಾದ ಮುಟ್ಟಿದರು! "ನಿಮ್ಮ ಮಂದಿ ಪದ್ಧತಿನ ಚಲೋ ಐತಿ ಬಿಡವಾ. ಇನ್ನ ನೀ ಎಲ್ಲೂ ಹೋಗಬ್ಯಾಡ, ಈ ಮಗ್ಗ ನಿಂದ" ಅಂದರು.

ಬೆರಳ ತುದಿ ಸ್ವಲ್ಪ ಒಡೆದಿದೆ, ಎಣ್ಣೆ ಹಚ್ಚುತ್ತಿದ್ದೇನೆ. ಜೋಳದ ರೊಟ್ಟಿ ಒಗ್ಗಿದೆ. ಕುವೈತಿನ ಮನೆಗೆಲಸಕ್ಕೆ ಮಾಮ ಕೊಟ್ಟಿರುವ ನನ್ನ ಹೆಸರನ್ನು ತೆಗೆಸು. ನನ್ನ ಮಾತು ಅವನು ಕೇಳುವುದಿಲ್ಲ, ನೀನೇ ಹೇಳು.

ಕಾಗದದಲ್ಲಿ ಜಾಗ ಮುಗಿಯಿತು. ನಾಳೆ ಬೆಳಿಗ್ಗೆ ನಾನೂ ಗುರುಲಿಂಗವ್ವನ ಕಾಲಿಗೆ ಬೀಳುತ್ತೇನೆ. ಈ ಸಾಲನ್ನು ಮಾತ್ರ ಅಪ್ಪನಿಗೆ ಓದಬೇಡ.

ಪಬಿತ್ರಾ